ಸಂತೆಯ ಕ್ಯೂಆರ್ ಕೋಡ್ ಮತ್ತು ತೆರಿಗೆಯ ಹೆದರಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಸಂತೆಗಳಲ್ಲಿ ಬಸಳೆ ಕಟ್ಟು, ಮೊಗೆಕಾಯಿ ಹರವಿಕೊಂಡು ಕೂತವರನ್ನೂ ಈಗ ಗಿರಾಕಿಗಳು "ಫೋನ್‌ಪೇ ಇದ್ಯಾ?" ಎಂದೇ ಕೇಳುತ್ತಾರೆ. ಇದೆ ಎನ್ನಲು ಕೆಲವರಿಗೆ ಅಳುಕು. ಅದಕ್ಕೆ ಕಾರಣವೂ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕೇಳಿದ ಸುದ್ದಿ ಎಲ್ಲೆಡೆ ಹರಡಿತು. ಬೆಂಗಳೂರಿನ ಅಂಗಡಿಗಳಲ್ಲಿ 'ನಗದು ಮಾತ್ರ' ಬೋರ್ಡುಗಳು ಎದ್ದವು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು.

ಆದರೆ ತೆರಿಗೆ ಬೀಳುವುದು ಮಾರಿದ ಮಾಲಿಗೆ. ಹಣ ಫೋನಿಗೆ ಬಂತೋ ಕೈಗೆ ಬಂತೋ ಎಂಬುದು ಕಾನೂನಿಗೆ ಬೇಕಿಲ್ಲ.

ಸ್ವಂತ ದುಡಿಮೆಯಿಂದ, ಮನೆಯವರಿಂದ ಅಥವಾ ತನ್ನ ಉಸ್ತುವಾರಿಯಲ್ಲಿ ಆಳುಗಳಿಂದ ಬೆಳೆ ತೆಗೆಯುವವನು ಜಿಎಸ್‌ಟಿ ಕಾಯ್ದೆಯ ಪ್ರಕಾರ ಕೃಷಿಕ. ತಾನು ಬೆಳೆದದ್ದನ್ನು ಎಷ್ಟೇ ಮಾರಿದರೂ ಅವನು ನೋಂದಣಿ ಮಾಡಿಸಬೇಕಿಲ್ಲ. 23ನೇ ಕಲಂ ಹಾಗೆಂದು ಹೇಳುತ್ತದೆ. ಬೇರೆಯವರಿಂದ ಕೊಂಡು ತಾಜಾ ಸೊಪ್ಪು, ತರಕಾರಿ ಮಾತ್ರ ಮಾರುವವರಿಗೂ ಅದೇ ಕಲಂ ರಕ್ಷಣೆ ಕೊಡುತ್ತದೆ, ಆ ಮಾಲಿಗೆ ತೆರಿಗೆಯೇ ಇಲ್ಲ.

ತೊಡಕು ಶುರುವಾಗುವುದು ಉಪ್ಪಿನಕಾಯಿ ಬಾಟಲಿಯಿಂದ. ಅಪ್ಪೆಮಿಡಿ ನಿಮ್ಮದೇ ಮರದ್ದಾದರೂ ಉಪ್ಪು, ಖಾರ ಸೇರಿ ಬಾಟಲಿಗಿಳಿದ ಮೇಲೆ ಅದು ತೆರಿಗೆಯ ಸರಕು. ಕೊಂಡ ತರಕಾರಿಯ ಪಕ್ಕ ಅದನ್ನೂ ಇಟ್ಟು ಮಾರಿದರೆ 'ಬರೀ ತರಕಾರಿ' ಎಂಬ ರಕ್ಷಣೆ ಹೋಯಿತು. ಆಗ ವರ್ಷಕ್ಕೆ 40 ಲಕ್ಷದ ಮಿತಿ ಲೆಕ್ಕ ಹಾಕುವಾಗ ತೆರಿಗೆಯಿಲ್ಲದ ತರಕಾರಿ ಮಾರಾಟವೂ ಅದರೊಳಗೇ ಸೇರುತ್ತದೆ. ಮಿತಿಯೊಳಗಿದ್ದರೆ ನೋಂದಣಿ ಬೇಡ. ಸಂತೆಯ ಬಹುತೇಕರು ಇದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಮಗನ ಸಂಬಳ, ಅಡಿಕೆ ಮಂಡಿಯ ದುಡ್ಡು, ಸಂಘದ ಸಾಲ ಎಲ್ಲ ಒಂದೇ ಖಾತೆಗೆ ಬೀಳುತ್ತಿದ್ದರೆ ಹೊರಗಿನವರಿಗೆ ಅದೆಲ್ಲ ವ್ಯಾಪಾರವಾಗಿಯೇ ಕಾಣಬಹುದು. ಸಂತೆಗೆ ಒಂದು ಪ್ರತ್ಯೇಕ ಖಾತೆ, ಏನು ಮಾರಿದೆ ಎಂದು ಬರೆದಿಡುವ ಒಂದು ನೋಟ್‌ಬುಕ್, ಇಷ್ಟಿದ್ದರೆ ಸಾಕು. ಪಹಣಿಯ ಪ್ರತಿಯೂ ಜೊತೆಗಿರಲಿ.

ಇನ್ನು ಶುಲ್ಕದ ಮಾತು. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ, ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ, ಸ್ವೈಪಿಂಗ್ ಮಷಿನ್ನಿನ ಶುಲ್ಕ ನೂರಕ್ಕೆ 40 ಪೈಸೆ ಮೀರಬಾರದು ಎಂದು 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನು ಗಿರಾಕಿಯ ತಲೆಗೆ ಕಟ್ಟುವಂತಿಲ್ಲ. ಸೊಪ್ಪು ಮಾರುವವರಿಗೆ ಮಷಿನ್ ಬಾಡಿಗೆ ದಂಡ ಎಂದೇ ನನ್ನ ಅಭಿಪ್ರಾಯ, ಕ್ಯೂಆರ್ ಸಾಕು.

ನೆಟ್‌ವರ್ಕ್ ಕೈಕೊಟ್ಟು ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ನಿಮಗೆ ಬಾರದಿದ್ದರೆ ಜಗಳ ಬೇಡ. ವೈಯಕ್ತಿಕ ಕ್ಯೂಆರ್‌ಗೆ ಕಳಿಸಿದ್ದು ಮರುದಿನದೊಳಗೆ, ವ್ಯಾಪಾರಿ ಕ್ಯೂಆರ್‌ಗೆ ಕಳಿಸಿದ್ದು ಐದು ದಿನದೊಳಗೆ ಅವರಿಗೇ ಮರಳಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಸ್ಕ್ರೀನ್‌ಶಾಟ್ ನೋಡಿ ಮಾಲು ಕೊಡಬೇಡಿ, ಖಾತೆಗೆ ಬಂದ ಮೆಸೇಜ್ ನೋಡಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವನು ಮೋಸಗಾರ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಒಂದೊಮ್ಮೆ ತೆರಿಗೆ ನೋಟಿಸ್ ಬಂದರೆ ಹರಿದು ಎಸೆಯಬೇಡಿ. ಗಡುವಿನೊಳಗೆ ನೋಟ್‌ಬುಕ್, ಪಹಣಿ ಲಗತ್ತಿಸಿ ಉತ್ತರ ಕೊಡಿ. ವಕೀಲರ ನೆರವು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.