ಮನೆಯಲ್ಲೇ ಧ್ವನಿಮುದ್ರಣ: ಹೊಸಬರಿಗೆ ಕೆಲವು ಪಾಠಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ನಮ್ಮ ಕಾಲೇಜಿನಲ್ಲಿ ಒಳ್ಳೆಯ ಕಂಠಕ್ಕೆ ಕೊರತೆಯಿಲ್ಲ. ನಾತ್ ಓದುವವರು, ಗಜಲ್ ಹಾಡುವವರು, ಭಾವಗೀತೆ ಹಾಡುವವರು, ದಫ್ ಬಾರಿಸುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಆದರೆ ಯಾವುದಾದರೂ ಸ್ಪರ್ಧೆಗೆ "ಆಡಿಯೋ ಕಳುಹಿಸಿ" ಎಂದು ಸೂಚನೆ ಬಂದ ಕೂಡಲೇ ಅರ್ಧದಷ್ಟು ಮಂದಿ ಹಿಂದೆ ಸರಿಯುತ್ತಾರೆ. ಸ್ಟುಡಿಯೋಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕು. ಹಣವಿದ್ದರೂ ಹೋಗಿ ಬರಲು ಮನೆಯವರ ಒಪ್ಪಿಗೆ ಬೇಕು. ಹುಡುಗಿಯರಿಗೆ ಅದು ಇನ್ನೂ ಕಷ್ಟ. ಹಾಗಾಗಿ ಒಳ್ಳೆಯ ದನಿಗಳು ತರಗತಿಯ ಕೊನೆಯ ಬೆಂಚಿನಲ್ಲೇ ಉಳಿದುಬಿಡುತ್ತವೆ.

ಈ ಲೇಖನ ಅಂಥವರಿಗಾಗಿ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ತಂತಿ ಇರುವ ಒಂದು ಇಯರ್‌ಫೋನ್ ಇದ್ದರೆ ಕೆಲಸ ಆರಂಭಿಸಬಹುದು. ಒಂದು ಮಾತನ್ನು ಮಾತ್ರ ಮೊದಲೇ ನೆನಪಿಟ್ಟುಕೊಳ್ಳಿ: ಸಾಫ್ಟ್‌ವೇರ್ ಬೇಡದ ಸದ್ದನ್ನು ಸ್ವಲ್ಪ ಮಟ್ಟಿಗೆ ಕಳೆಯಬಹುದು, ಆದರೆ ಮೈಕಿಗೆ ತಲುಪದ ದನಿಯನ್ನು ಕೂಡಿಸಲಾರದು. ಆದ್ದರಿಂದ ಮುಕ್ಕಾಲು ಕೆಲಸ ರೆಕಾರ್ಡ್ ಬಟನ್ ಒತ್ತುವ ಮೊದಲೇ ಮುಗಿದಿರಬೇಕು.

ಸ್ವಲ್ಪ ಇತಿಹಾಸ

1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಗ್ರಾಮಫೋನ್ ಕಂಪನಿ ಧ್ವನಿಮುದ್ರಿಸಿತು. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಮೊದಲ ಪ್ರಮುಖ ಕಲಾವಿದರಲ್ಲಿ ಅವರೂ ಒಬ್ಬರು. ಆಗ ಧ್ವನಿಮುದ್ರಣಕ್ಕೆ ವಿದ್ಯುತ್ ಮೈಕ್ ಬಂದಿರಲಿಲ್ಲ. ದೊಡ್ಡ ಕೊಂಬಿನಂಥ ಕೊಳವೆಯ ಮುಂದೆ ನಿಂತು ಜೋರಾಗಿ ಹಾಡಬೇಕಿತ್ತು. ಒಂದು ತಟ್ಟೆಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಸುತ್ತಿತ್ತು. ಕತ್ತರಿಸಿ ಅಂಟಿಸುವ ಅವಕಾಶವೇ ಇರಲಿಲ್ಲ. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಮೂರು ನಿಮಿಷಕ್ಕೆ ಸಿದ್ಧಪಡಿಸಿಕೊಂಡು, ಎಷ್ಟು ದೂರ ನಿಲ್ಲಬೇಕು ಎಂಬುದನ್ನೂ ನೋಡಿಕೊಂಡು ಹಾಡಿದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಕಲಾವಿದೆಯಾಗಿ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿ ಇಂದಿಗೂ ಕೇಳಲು ಸಿಗುತ್ತದೆ. ಇಂದು ನಮ್ಮ ಕೈಯಲ್ಲಿರುವ ಉಪಕರಣ ಅಂದಿನದಕ್ಕಿಂತ ಎಷ್ಟೋ ಪಾಲು ಉತ್ತಮ. ಸಿದ್ಧತೆಯಲ್ಲಿ ಮಾತ್ರ ನಾವು ಅವರಿಗಿಂತ ಹಿಂದೆ ಇದ್ದೇವೆ.

ಯಾವ ಸಾಫ್ಟ್‌ವೇರ್?

ಹೊಸಬರಿಗೆ ಆಡಾಸಿಟಿ ಸಾಕು. ಇದು 2000ನೇ ಇಸವಿಯಲ್ಲಿ ಮೊದಲು ಬಿಡುಗಡೆಯಾದ ಉಚಿತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ದುಬಾರಿ ಸಾಫ್ಟ್‌ವೇರಿನ 'ಕ್ರ್ಯಾಕ್' ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡುವ ಗೆಳೆಯರು ಇರುತ್ತಾರೆ. ಬೇಡ ಎನ್ನಿ. ಅದು ಇನ್ನೊಬ್ಬರ ದುಡಿಮೆಯನ್ನು ಕದ್ದಂತೆ. ಜೊತೆಗೆ ವೈರಸ್ ಬಂದು ಅಬ್ಬಾ ಅವರ ಅಂಗಡಿಯ ಲೆಕ್ಕವೂ ಹೋದರೆ ಉಳಿಸಿದ ಹಣಕ್ಕಿಂತ ನಷ್ಟವೇ ಹೆಚ್ಚು.

ಕೋಣೆ ಮತ್ತು ಸಮಯ

ಟೈಲ್ಸ್ ಹಾಕಿದ ಖಾಲಿ ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು 'ಝಣ್' ಎಂದು ವಾಪಸ್ ಬರುತ್ತದೆ. ಈ ಪ್ರತಿಧ್ವನಿ ಒಮ್ಮೆ ರೆಕಾರ್ಡ್ ಆದರೆ ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಈಗ ಮಲಗುವ ಕೋಣೆಯಲ್ಲಿ ಚಪ್ಪಾಳೆ ತಟ್ಟಿ. ಹಾಸಿಗೆ, ದಿಂಬು, ಪರದೆ ಸದ್ದನ್ನು ಹೀರಿಕೊಳ್ಳುವುದರಿಂದ ಅಲ್ಲಿ ಚಪ್ಪಾಳೆ ಮಾತ್ರ ಕೇಳುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಕುಳಿತು ಹಾಡಿ. ಬೆನ್ನ ಹಿಂದೆ ಹಗ್ಗಕ್ಕೆ ಒಂದು ರಜಾಯಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಫ್ಯಾನ್ ಆರಿಸಿ. ಪಕ್ಕದಲ್ಲೇ ಫ್ರಿಜ್ ಇರುವ ಕೋಣೆ ಬೇಡ. ಅಡುಗೆಮನೆಯಲ್ಲಿ ಮಿಕ್ಸಿ ಹಾಕುವ ಹೊತ್ತನ್ನು ಅಮ್ಮಿಯನ್ನು ಕೇಳಿ ತಿಳಿದುಕೊಳ್ಳಿ. ನಮ್ಮ ಬೀದಿಗಳಲ್ಲಿ ಫಜರ್ ನಮಾಜಿನ ನಂತರದ ಅರ್ಧ ಗಂಟೆ ಅತ್ಯಂತ ಶಾಂತ ಸಮಯ. ಆಟೋ, ಬೈಕ್ ಓಡಾಟ ಆಗ ಕಡಿಮೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ರೆಕಾರ್ಡಿಂಗಿನಲ್ಲಿ 'ಗುಂಯ್' ಎಂಬ ಸದ್ದು ಬರುತ್ತಿದ್ದರೆ ಅದು ಹೆಚ್ಚಾಗಿ ವಿದ್ಯುತ್ತಿನದು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು; ಅದೇ ಸದ್ದಾಗಿ ಮೈಕಿನ ತಂತಿಗೆ ಸೇರಿಕೊಳ್ಳುತ್ತದೆ. ಮೊದಲೇ ಪೂರ್ತಿ ಚಾರ್ಜ್ ಮಾಡಿ, ಹಾಡುವಾಗ ಚಾರ್ಜರ್ ಕಳಚಿಡಿ.

ಮೈಕ್ ಮತ್ತು ದೂರ

ಲ್ಯಾಪ್‌ಟಾಪಿನ ಒಳಗಿನ ಮೈಕ್ ನಿಮ್ಮ ದನಿಯ ಜೊತೆಗೆ ಲ್ಯಾಪ್‌ಟಾಪಿನದೇ ಫ್ಯಾನಿನ ಸದ್ದನ್ನೂ ಹಿಡಿಯುತ್ತದೆ. ಅದಕ್ಕಿಂತ ಇಯರ್‌ಫೋನಿನ ಮೈಕ್ ಅಥವಾ ಮೊಬೈಲ್ ಮೇಲು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಫೈಲನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಹಾಕಿ, ಆಡಾಸಿಟಿಯಲ್ಲಿ ತೆರೆಯಬಹುದು. ವಾಟ್ಸಾಪಿನ ವಾಯ್ಸ್ ಮೆಸೇಜ್ ಆಗಿ ಕಳುಹಿಸಬೇಡಿ, ಅದು ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಕಳುಹಿಸಲೇಬೇಕಾದರೆ 'ಡಾಕ್ಯುಮೆಂಟ್' ಎಂದು ಲಗತ್ತಿಸಿ. ಬ್ಲೂಟೂತ್ ಇಯರ್‌ಫೋನ್ ಬೇಡ. ಅದರ ಮೈಕ್ ಬಳಸಿದಾಗ ದನಿಯ ಗುಣಮಟ್ಟ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಕೇಳುವ ಸದ್ದೂ ತಡವಾಗಿ ಬರುತ್ತದೆ.

ಬಾಯಿಂದ ಮೈಕಿಗೆ ಒಂದು ಗೇಣು ದೂರ ಇರಲಿ. ದೂರ ಎರಡರಷ್ಟಾದರೆ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದರೆ ಕೋಣೆಯ ಸದ್ದು ಅಷ್ಟೇ ಇರುತ್ತದೆ. ತೀರ ಹತ್ತಿರವಾದರೆ ಬೇರೆ ತೊಂದರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಪ', 'ಭ' ಎಂದು ಹೇಳಿ ನೋಡಿ; ಗಾಳಿ ಬಡಿಯುತ್ತದೆ. ಆ ಗಾಳಿ ಮೈಕಿಗೆ ಬಡಿದರೆ 'ಢಬ್' ಎಂದು ಕೇಳುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಗಾಳಿ ತಪ್ಪಿ ದನಿ ಮಾತ್ರ ಸೇರುತ್ತದೆ. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಪುಸ್ತಕಗಳ ಮೇಲೆ ಮಡಿಸಿದ ಟವೆಲ್ ಇಟ್ಟು ಅದರ ಮೇಲಿಡಿ.

ಮಟ್ಟ ನೋಡುವುದು

ಆಡಾಸಿಟಿಯಲ್ಲಿ ದನಿಯ ಮಟ್ಟ ತೋರಿಸುವ ಪಟ್ಟಿಯಲ್ಲಿ 0 ಎಂಬುದೇ ಮೇಲಿನ ಮಿತಿ. ಉಳಿದ ಸಂಖ್ಯೆಗಳೆಲ್ಲ ಮೈನಸ್‌ನಲ್ಲಿರುತ್ತವೆ. ದನಿ 0 ದಾಟಿದರೆ ಅಲೆಯ ತುದಿ ಕತ್ತರಿಸಿ ಹೋಗಿ ಕರ್ಕಶವಾಗುತ್ತದೆ. ಲೋಟ ತುಂಬಿ ಚೆಲ್ಲಿದ ಚಹಾ ಮತ್ತೆ ಲೋಟಕ್ಕೆ ಬರುವುದಿಲ್ಲ, ಹಾಗೆಯೇ ಕತ್ತರಿಸಿದ ತುದಿಯೂ ಸರಿಯಾಗಿ ವಾಪಸ್ ಬರುವುದಿಲ್ಲ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಪೂರ್ಣ ದನಿಯಲ್ಲಿ ಹಾಡಿ, ಮಟ್ಟ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲುವಂತೆ ಮೈಕಿನ ಪ್ರಮಾಣ ಹೊಂದಿಸಿ. ಸ್ವಲ್ಪ ಕಡಿಮೆಯಾದರೆ ನಂತರ ಏರಿಸಬಹುದು.

ಸೆಟ್ಟಿಂಗ್ಸ್‌ನಲ್ಲಿ 44,100 ಹರ್ಟ್ಸ್ ಮತ್ತು ಮೋನೋ ಆರಿಸಿ. ಅಂದರೆ ಕಂಪ್ಯೂಟರ್ ನಿಮ್ಮ ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಬರೆದುಕೊಳ್ಳುತ್ತದೆ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್ ತನಕ ಕೇಳುತ್ತದೆ. ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಬಾರಿ ಅಳೆದರೆ ಸಾಕು ಎಂಬ ಲೆಕ್ಕದ ಮೇಲೆ ಈ ಸಂಖ್ಯೆ ನಿಂತಿದೆ. ಒಬ್ಬರೇ ಹಾಡುವಾಗ ಸ್ಟೀರಿಯೋದಿಂದ ಫೈಲ್ ದೊಡ್ಡದಾಗುವುದು ಬಿಟ್ಟರೆ ಲಾಭವಿಲ್ಲ.

ರೆಕಾರ್ಡ್ ಮಾಡುವಾಗ

ಬಟನ್ ಒತ್ತಿದ ಮೇಲೆ ಐದು ಸೆಕೆಂಡ್ ಸುಮ್ಮನಿರಿ. ಈ ಮೌನ ಮುಂದೆ ಉಪಯೋಗಕ್ಕೆ ಬರುತ್ತದೆ. ಹಾಡನ್ನು ಪೂರ್ತಿಯಾಗಿ ಮೂರು ಬಾರಿ ಹಾಡಿ. ಸಾಲು ಸಾಲಾಗಿ ಕತ್ತರಿಸಿ ಜೋಡಿಸಿದ ಹಾಡಿನಲ್ಲಿ ಉಸಿರು ಒಂದೇ ತೆರನಾಗಿ ಬರುವುದಿಲ್ಲ. ಮೂರರಲ್ಲಿ ಉತ್ತಮವಾದುದನ್ನು ಮುಖ್ಯವಾಗಿಟ್ಟುಕೊಂಡು, ಅದರಲ್ಲಿ ಕೆಟ್ಟ ಒಂದೆರಡು ಸಾಲುಗಳನ್ನು ಮಾತ್ರ ಇನ್ನೊಂದರಿಂದ ತೆಗೆದುಕೊಳ್ಳಿ.

ದಫ್ ಅಥವಾ ಜೊತೆದನಿ ಬೇಕಾದರೆ ಎರಡನೇ ಟ್ರ್ಯಾಕಿನಲ್ಲಿ ಸೇರಿಸಿ. ಆಗ ಮೊದಲ ಟ್ರ್ಯಾಕನ್ನು ಇಯರ್‌ಫೋನಿನಲ್ಲೇ ಕೇಳಬೇಕು. ಸ್ಪೀಕರಿನಲ್ಲಿ ಹಾಕಿದರೆ ಅದು ಮತ್ತೆ ಮೈಕಿಗೆ ಸೇರುತ್ತದೆ. ದಫ್ ಜೋರಾದ ವಾದ್ಯ, ಅದಕ್ಕೆ ಒಂದು ಮೀಟರ್ ದೂರ ಕೊಡಿ. ಎರಡನೇ ಟ್ರ್ಯಾಕ್ ತುಸು ಹಿಂದೆ ಬಿದ್ದಂತೆ ಕೇಳಿದರೆ ನಿಮ್ಮ ತಾಳ ತಪ್ಪಿತೆಂದು ಬೇಸರಪಡಬೇಡಿ. ದನಿ ಒಳಹೋಗಿ ಹೊರಬರಲು ಕಂಪ್ಯೂಟರ್ ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಮೊದಲ ಟ್ರ್ಯಾಕಿನ ಆರಂಭದಲ್ಲಿ ಒಂದು ಚಪ್ಪಾಳೆ ಹಾಕಿಡಿ, ಎರಡನೆಯದರಲ್ಲಿ ಅದರ ಜೊತೆಗೇ ಚಪ್ಪಾಳೆ ತಟ್ಟಿ. ನಂತರ ಎರಡೂ ಚಪ್ಪಾಳೆ ಒಂದೇ ಗೆರೆಗೆ ಬರುವಂತೆ ಟ್ರ್ಯಾಕ್ ಜರುಗಿಸಿ.

ತಿದ್ದುವುದು ಮತ್ತು ಉಳಿಸುವುದು

ಮೊದಲು ಮೂಲ ಫೈಲಿನ ಒಂದು ನಕಲು ಮಾಡಿಡಿ. ಆಮೇಲೆ ಈ ಕ್ರಮದಲ್ಲಿ ಹೋಗಿ:

1. ಆರಂಭದ ಐದು ಸೆಕೆಂಡಿನ ಮೌನವನ್ನು ಆರಿಸಿ, ಎಫೆಕ್ಟ್ ಮೆನುವಿನ 'ನಾಯ್ಸ್ ರಿಡಕ್ಷನ್' ತೆರೆದು 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಿ. ನಿಮ್ಮ ಕೋಣೆಯ ಸದ್ದು ಯಾವುದೆಂದು ಸಾಫ್ಟ್‌ವೇರಿಗೆ ತಿಳಿಯುತ್ತದೆ.
2. ಇಡೀ ಹಾಡನ್ನು ಆರಿಸಿ, ಅದೇ ಎಫೆಕ್ಟ್ ಮತ್ತೆ ತೆರೆದು 6ರಿಂದ 12 ಡೆಸಿಬೆಲ್ ಮಾತ್ರ ಕಳೆಯಿರಿ. ಅತಿಯಾದರೆ ನೀರಿನೊಳಗಿಂದ ಹಾಡಿದಂತೆ ಕೇಳುತ್ತದೆ.
3. ಹಿಂದೆ ಮುಂದೆ ಇರುವ ಬೇಡದ ಭಾಗ ಕತ್ತರಿಸಿ.
4. 'ನಾರ್ಮಲೈಸ್' ಬಳಸಿ ಅತಿ ಎತ್ತರದ ಮಟ್ಟವನ್ನು ಮೈನಸ್ 1ಕ್ಕೆ ತನ್ನಿ.
5. 'ಎಕ್ಸ್‌ಪೋರ್ಟ್' ಮಾಡಿ. 'ಸೇವ್' ಮಾಡಿದ ಪ್ರಾಜೆಕ್ಟ್ ಫೈಲ್ ಆಡಾಸಿಟಿಯಲ್ಲಿ ತೆರೆಯಲು ಮಾತ್ರ. ಅದನ್ನು ಸ್ಪರ್ಧೆಗೆ ಕಳುಹಿಸಿದರೆ ಅವರ ಮೊಬೈಲಿನಲ್ಲಿ ಕೇಳಿಸುವುದಿಲ್ಲ.

ಈಗ ವಾಣಿಜ್ಯ ವಿಭಾಗದವರ ಲೆಕ್ಕ. 16 ಬಿಟ್, ಮೋನೋ ವೇವ್ ಫೈಲ್ ನಿಮಿಷಕ್ಕೆ ಸುಮಾರು 5.3 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಸುಮಾರು 21 ಎಂಬಿ. ಅದೇ ಹಾಡು 128 ಕೆಬಿಪಿಎಸ್ ಎಂಪಿ3 ಆದರೆ ನಾಲ್ಕು ಎಂಬಿಯೊಳಗೆ ಮುಗಿಯುತ್ತದೆ. ಕಳುಹಿಸಲು ಎಂಪಿ3, ಮನೆಯಲ್ಲಿಡಲು ವೇವ್. ಓಚರಿಗೆ ಸಂಖ್ಯೆ ಹಾಕುವಂತೆ ಫೈಲಿಗೂ ದಿನಾಂಕ, ಹಾಡಿದವರ ಹೆಸರು, ಹಾಡಿನ ಹೆಸರು ಹಾಕಿ. ಎರಡು ಕಡೆ ಪ್ರತಿ ಇಡಿ. ಹಣ ಸೇರಿದರೆ ಮೊದಲು ಒಳ್ಳೆಯ ತಂತಿಯ ಇಯರ್‌ಫೋನ್ ಕೊಳ್ಳಿ, ಯುಎಸ್‌ಬಿ ಮೈಕ್ ಅದರ ನಂತರ. ಕೋಣೆ ಸರಿಯಿಲ್ಲದೆ ದುಬಾರಿ ಮೈಕ್ ತಂದರೆ ಅದು ಪ್ರತಿಧ್ವನಿಯನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ.

ಇನ್ನೊಂದು ಎಚ್ಚರಿಕೆ. ನಮ್ಮ ಕಾನೂನಿನ ಪ್ರಕಾರ ಕವಿ ತೀರಿಕೊಂಡ ನಂತರವೂ 60 ವರ್ಷ ಕವಿತೆಯ ಮೇಲೆ ಹಕ್ಕು ಇರುತ್ತದೆ. ಬೇರೆಯವರ ಹಾಡನ್ನು ಅಭ್ಯಾಸಕ್ಕೆ ಮನೆಯಲ್ಲಿ ಹಾಡುವುದು ಬೇರೆ, ಹಣ ಗಳಿಸಲು ಎಲ್ಲರಿಗೂ ಹಂಚುವುದು ಬೇರೆ. ಕವಿಯ ಹೆಸರನ್ನಂತೂ ಎಂದೂ ಬಿಡಬೇಡಿ.

ಮೊದಲು ಯಾರ ದನಿ?

ಇಷ್ಟು ಕಲಿತ ಮೇಲೆ ನಿಮ್ಮ ಹಾಡಿಗಿಂತ ಮೊದಲು ಮನೆಯ ಹಿರಿಯರ ಒಂದು ಹಾಡು ರೆಕಾರ್ಡ್ ಮಾಡಿ ಎಂಬುದು ನನ್ನ ಸಲಹೆ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ 'ಚಕ್ಕಿನಾಮಾ'ಗಳು ಹುಟ್ಟಿದವು. ಕನ್ನಡದ ಬೀಸುವ ಪದಗಳಂತೆ ಅವನ್ನೂ ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದರು. ಬೀಸುವ ಕಲ್ಲು ಹೋಯಿತು, ಹಿಟ್ಟಿನ ಗಿರಣಿ ಬಂತು. ಆದರೂ ನಮ್ಮ ನಾನಿ, ದಾದಿಯರಿಗೆ ಶಾದಿಯ ಹಾಡು, ಮೆಹಂದಿಯ ಹಾಡು, ಲೋರಿ ಇನ್ನೂ ಬಾಯಿಗೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲೂ ಇಲ್ಲ.

ಅವರನ್ನು ಒಪ್ಪಿಗೆ ಕೇಳಿ ಕುಳ್ಳಿರಿಸಿ. ಇಯರ್‌ಫೋನ್ ಹಾಕಿಸಬೇಡಿ, ಮೊಬೈಲನ್ನು ಟವೆಲ್ ಮೇಲಿಟ್ಟು ಮರೆತುಬಿಡಿ. ನಡುವೆ ಕೆಮ್ಮಿದರೂ, ಪದ ಮರೆತರೂ ತಡೆಯಬೇಡಿ. ಗೌಹರ್ ಜಾನ್ ಹಾಡು ಮುಗಿದ ಮೇಲೆ ತಮ್ಮ ಹೆಸರನ್ನು ಹೇಳುತ್ತಿದ್ದರು. ತಟ್ಟೆ ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗುತ್ತಿತ್ತು, ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ನಾನಿಯೂ ತಮ್ಮ ಹೆಸರು, ಊರು, ಈ ಹಾಡು ಯಾರಿಂದ ಕಲಿತದ್ದು ಎಂದು ಹೇಳಲಿ. ಅವರು ಬೇಡ ಎಂದರೆ ಮನೆಯ ಹೊರಗೆ ಹಂಚಬೇಡಿ.

ಆಡಾಸಿಟಿ ಹಾಕಿಕೊಳ್ಳುವುದರಲ್ಲಿ ಅಥವಾ ಮಟ್ಟ ಹೊಂದಿಸುವುದರಲ್ಲಿ ಸಂದೇಹವಿದ್ದವರು ಮಧ್ಯಾಹ್ನದ ಬಿಡುವಿನಲ್ಲಿ ವಾಣಿಜ್ಯ ವಿಭಾಗಕ್ಕೆ ಬನ್ನಿ. ನಿಮ್ಮದೇ ಇಯರ್‌ಫೋನ್ ತನ್ನಿ, ಕುಳಿತು ನೋಡೋಣ.