ಆರ್ಕಿಟೆಕ್ಚರ್ ಓದು: ಮಕ್ಕಳ ಮನೆಯವರೂ ದಾನಿಗಳೂ ತಿಳಿದಿರಬೇಕಾದ ಸಂಗತಿ



ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಫಿಲೇಚರ್ ಕೆಲಸಗಾರರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಬಳಿ ಬಂದಿದ್ದರು. "ಮೇಷ್ಟ್ರೇ, ಹುಡುಗಿ ಲೆಕ್ಕದಲ್ಲಿ ಜಾಣೆ, ಚಿತ್ರಾನೂ ಚೆನ್ನಾಗಿ ಬಿಡಿಸ್ತಾಳೆ. ಕಟ್ಟಡದ ಓದು ಯಾವುದು ಸೇರಿಸಲಿ?" ಎಂದರು. ನಾವು ಹಿಂದೆಮುಂದೆ ನೋಡದೆ "ಸಿವಿಲ್ ಎಂಜಿನಿಯರಿಂಗ್ ಸೇರಿಸಿ, ಎಲ್ಲಾ ಒಂದೇ" ಎಂದುಬಿಟ್ಟೆವು. ಆಕೆ ಸಿವಿಲ್ ಓದಿದಳು, ಕೆಲಸಕ್ಕೂ ಸೇರಿದಳು. ಒಂದು ದಿನ ಸಿಕ್ಕಾಗ, "ಸರ್, ನಕ್ಷೆ ಮಾಡೋರು ಬೇರೆ ಇರ್ತಾರೆ, ಅದಕ್ಕೆ ಬೇರೆ ಪರೀಕ್ಷೆ ಇತ್ತು ಅಂತ ಆಗ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. ನಮಗೇ ಗೊತ್ತಿರಲಿಲ್ಲ ಎಂದು ಹೇಳಲು ನಾಲಿಗೆ ಬರಲಿಲ್ಲ. ಈ ಪಾಠವನ್ನು ವಾರ್ಷಿಕ ವರದಿಯಲ್ಲಿ ಸೇರಿಸಿರುವುದು ಆ ಪ್ರಶ್ನೆಯಿಂದಾಗಿ.

ಸಿವಿಲ್ ಎಂಜಿನಿಯರ್ ಕಟ್ಟಡ ಬೀಳದಂತೆ ನೋಡಿಕೊಳ್ಳುತ್ತಾರೆ. ಅದರೊಳಗೆ ಜನ ಹೇಗೆ ಬಾಳುತ್ತಾರೆ, ಬೆಳಕು ಎಲ್ಲಿಂದ, ಗಾಳಿ ಹೇಗೆ, ಮೆಟ್ಟಿಲು ಎಲ್ಲಿ ಎಂದು ಮೊದಲೇ ಯೋಚಿಸಿ ನಕ್ಷೆಗೆ ಇಳಿಸುವವರು ಆರ್ಕಿಟೆಕ್ಟ್. ಕನ್ನಡದಲ್ಲಿ ವಾಸ್ತುಶಿಲ್ಪ ಎನ್ನುತ್ತೇವೆ. ಹಾಗೆಂದರೆ ಬಾಗಿಲು ಯಾವ ದಿಕ್ಕಿಗೆ ಎಂದು ಹೇಳುವವರು ಎಂದುಕೊಳ್ಳುವವರು ಈಗಲೂ ಇದ್ದಾರೆ. ಅದಕ್ಕೇ ಇಲ್ಲಿ ಆರ್ಕಿಟೆಕ್ಚರ್ ಎಂದೇ ಬರೆಯುತ್ತಿದ್ದೇವೆ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡೋಣ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕು, ಬಲಿತ ಹುಳುವಿಗೆ 24-25 ಸಾಕು. ತೇವವೂ ಹಾಗೆಯೇ, ಮೊದಲು ಹೆಚ್ಚು, ಆಮೇಲೆ ಕಡಿಮೆ. ಏಪ್ರಿಲ್ ಬಿಸಿಲಿಗೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟುವ ರೈತನಿಗೆ ಕಟ್ಟಡದ ವಿದ್ಯೆ ಗೊತ್ತಿಲ್ಲ ಎನ್ನಲಾಗದು. ಆದರೆ ಹುಳುವಿಗೆ ಮಾಡುವ ಈ ಯೋಚನೆಯನ್ನು ಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರಿಗೆ ಯಾರೂ ಮಾಡಿಲ್ಲ. ಎಷ್ಟೋ ರೀಲಿಂಗ್ ಮನೆಗಳಲ್ಲಿ ಹಬೆ ಮೇಲೇರಿ ಚಾವಣಿಯ ಕೆಳಗೇ ನಿಲ್ಲುತ್ತದೆ. ಕೆಳಗೆ ತಂಪು ಗಾಳಿ ಬರಲು ದಾರಿ, ಮೇಲೆ ಹಬೆ ಹೋಗಲು ದಾರಿ ಇದ್ದರೆ ಆ ಕೋಣೆಯೇ ಬೇರೆಯಾಗುತ್ತದೆ. ಇದು ಆರ್ಕಿಟೆಕ್ಟ್ ಕೆಲಸ.

ಇನ್ನೊಂದು ಪಾಠ ವಿಜಯಪುರದ್ದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಷಾನ ಗೋರಿ, ಗೋಲ ಗುಮ್ಮಟ. ಕೆಳಗೆ ಚೌಕದ ಕೋಣೆ, ಮೇಲೆ ಹೊರ ಅಳತೆ ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡನೆಯದನ್ನು ಕೂರಿಸಿದ್ದು ಹೇಗೆ? ಒಂದನ್ನೊಂದು ಹಾದು ಹೋಗುವ ಎಂಟು ಕಮಾನುಗಳು ಚೌಕವನ್ನು ಮೊದಲು ಎಂಟು ಮೂಲೆಯಾಗಿ ಮಾಡುತ್ತವೆ. ಅವು ಒಳಕ್ಕೆ ಬಾಗಿರುವುದರಿಂದ, ಗುಮ್ಮಟ ಹೊರಕ್ಕೆ ತಳ್ಳುವ ಭಾರವನ್ನು ಅವುಗಳ ಭಾರವೇ ತಡೆಯುತ್ತದೆ. ಹತ್ತನೇ ತರಗತಿಯ ರೇಖಾಗಣಿತ ಕಲಿತ ಮಗು ಇದನ್ನು ಕಾಗದದಲ್ಲಿ ಬರೆದು ನೋಡಬಹುದು. ಎರಡು ಚೌಕ ಒಂದರ ಮೇಲೊಂದು ತಿರುಗಿಸಿಟ್ಟರೆ ಸಾಕು. ಅಷ್ಟು ದೂರ ಹೋಗಲಾಗದವರು ನಂದಿಯ ಭೋಗನಂದೀಶ್ವರ ಗುಡಿಯ ಕಲ್ಯಾಣಿಯ ಮೆಟ್ಟಿಲುಗಳನ್ನು ನಿಂತು ನೋಡಲಿ.

ಇನ್ನು ಓದಿನ ವಿಚಾರ. ಬಿ.ಆರ್ಕ್ ಐದು ವರ್ಷ, ಹತ್ತು ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಗಣಿತ ಓದಿ ಮೂರು ವರ್ಷದ ಡಿಪ್ಲೊಮಾ ಮಾಡಿದವರಿಗೂ ಅವಕಾಶವಿದೆ. ಪ್ರವೇಶ ಪರೀಕ್ಷೆಯ ಹೆಸರು ನಾಟಾ. ಒಂದು ಭಾಗ ಕೈಯಲ್ಲಿ ಚಿತ್ರ ಬಿಡಿಸುವುದು, ಇನ್ನೊಂದು ಕಂಪ್ಯೂಟರ್ ಮುಂದೆ ತರ್ಕ, ಗಣಿತ, ಗಮನಿಸುವ ಶಕ್ತಿಯ ಪ್ರಶ್ನೆಗಳು. ನಮ್ಮ ರಾಜ್ಯದಲ್ಲಿ ಪಿಯುಸಿ ಅಂಕ ಅರ್ಧ, ನಾಟಾ ಅಂಕ ಅರ್ಧ ಸೇರಿಸಿ ಕೆಇಎ ರ‍್ಯಾಂಕ್ ಕೊಡುತ್ತದೆ. ಸಿಇಟಿ ಬರೆದರೆ ಸಾಲದು, ನಾಟಾ ಬರೆದರೂ ಸಾಲದು: ಕೆಇಎಯಲ್ಲಿ ನೋಂದಾಯಿಸಿ ನಾಟಾ ಅಂಕವನ್ನು ಅಲ್ಲಿ ದಾಖಲಿಸಬೇಕು. ಈ ಒಂದು ಹೆಜ್ಜೆ ತಪ್ಪಿದರೆ ಇಡೀ ವರ್ಷ ಹೋಗುತ್ತದೆ. ಕೇಂದ್ರದ ಎನ್‌ಐಟಿ ಮತ್ತು ಎಸ್‌ಪಿಎಗಳಿಗೆ ಜೆಇಇ ಮೇನ್‌ನ ಎರಡನೇ ಪೇಪರ್. ಬೆಂಗಳೂರಿನಲ್ಲಿ ಯುವಿಸಿಇ, ಬಿಎಂಎಸ್, ಆರ್‌ವಿ, ರಾಮಯ್ಯ ಮೊದಲಾದ ಕಡೆ ಈ ಕೋರ್ಸ್ ಇದೆ. ದೆಹಲಿಯ ಜಾಮಿಯಾ ಮಿಲಿಯಾದಲ್ಲೂ ಇದೆ.

ಸೀಟು ಸಿಕ್ಕಿತೆಂದು ಹಣ ಕಟ್ಟುವ ಮೊದಲು ಆ ಕಾಲೇಜಿಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದೆಯೇ ಎಂದು ನೋಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿಯಾಗದವರು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕುವಂತಿಲ್ಲ.

ಖರ್ಚಿನ ಮಾತನ್ನು ಮುಚ್ಚಿಡುವುದಿಲ್ಲ. ಫೀಸು ಕಣ್ಣಿಗೆ ಕಾಣುತ್ತದೆ. ಡ್ರಾಯಿಂಗ್ ಶೀಟು, ಮಾಡೆಲ್ ಸಾಮಾನು, ಪ್ರಿಂಟು, ಅಧ್ಯಯನ ಪ್ರವಾಸ, ಆಮೇಲೆ ಲ್ಯಾಪ್‌ಟಾಪ್ ಕಾಣುವುದಿಲ್ಲ. ಚಿಂತಾಮಣಿ ಅಥವಾ ಗೌರಿಬಿದನೂರಿನಿಂದ ದಿನಾ ಬಸ್ಸು, ರೈಲಿನಲ್ಲಿ ಓಡಾಡಿ ಈ ಓದು ಮುಗಿಸುವುದು ಕಷ್ಟ. ಸ್ಟುಡಿಯೋ ಕೆಲಸ ಸಂಜೆಗೆ ಮುಗಿಯುವುದಿಲ್ಲ, ರಾತ್ರಿಗಟ್ಟಲೆ ಕೂರಬೇಕಾಗುತ್ತದೆ. ಹೆಣ್ಣುಮಕ್ಕಳ ಅಬ್ಬಾ, ಅಮ್ಮಿ ನಮ್ಮನ್ನು ಮೊದಲು ಕೇಳುವುದು ಇದನ್ನೇ. ಆದ್ದರಿಂದ ಹಾಸ್ಟೆಲ್ಲನ್ನು ಕಾಲೇಜಿನ ಜೊತೆಗೇ ವಿಚಾರಿಸಿ.

ದಾನಿಗಳಲ್ಲಿ ಕೆಲವರು, ನಾಲ್ಕು ವರ್ಷದ ಎಂಜಿನಿಯರಿಂಗ್ ಬಿಟ್ಟು ಐದು ವರ್ಷದ ಓದಿಗೆ ಯಾಕೆ ಕೊಡಬೇಕು ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಅಭಿಪ್ರಾಯ ಇಷ್ಟು: ಕೊಡುವುದಾದರೆ ಐದೂ ವರ್ಷ ಕೊಡಬೇಕು. ಪ್ರಾಜೆಕ್ಟ್, ಪ್ರಿಂಟು, ಮಾಡೆಲ್ ಖರ್ಚು ಹೆಚ್ಚುವುದು ಕೊನೆಯ ವರ್ಷವೇ. ನಾಲ್ಕು ವರ್ಷಕ್ಕೆ ಕೈಬಿಟ್ಟರೆ ಮಗುವಿನ ಕೈಯಲ್ಲಿ ಪದವಿಯೂ ಇಲ್ಲ, ನೋಂದಣಿಯೂ ಇಲ್ಲ.

ಮುಂದೆ ಕೆಲಸ ಹಲವು ಬಗೆ: ಆರ್ಕಿಟೆಕ್ಟರ ಕಚೇರಿ, ಒಳಾಂಗಣ ವಿನ್ಯಾಸ, ಕಟ್ಟಡ ನಿರ್ಮಾಣದ ಉಸ್ತುವಾರಿ, ಹಳೆ ಕಟ್ಟಡಗಳ ಸಂರಕ್ಷಣೆ. ಮೇಲೆ ಎರಡು ವರ್ಷ ಓದಿದರೆ ನಗರ ಯೋಜನೆ ಅಥವಾ ಬೋಧನೆ. ಮೊದಲ ಎರಡು ಮೂರು ವರ್ಷ ಸಂಬಳ ಸಾಧಾರಣ. ಅದನ್ನು ನೋಡಿ ಮನೆಯವರು ಬೇಸರಪಡುವುದು ನಮಗೆ ಗೊತ್ತು. ಗಾರೆ ಮೇಸ್ತ್ರಿಗಳ, ಸೆಂಟ್ರಿಂಗ್ ಕೆಲಸದವರ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಇಟ್ಟಿಗೆ, ಸೈಜುಗಲ್ಲು, ಸಿಮೆಂಟಿನ ಗುಣ ಅವರಿಗೆ ಚಿಕ್ಕಂದಿನಿಂದ ಗೊತ್ತು. ಬೇರೆ ಮಕ್ಕಳು ಅದನ್ನು ಪುಸ್ತಕದಲ್ಲಿ ಓದಿ ಕಲಿಯಬೇಕು.

ಈ ವರ್ಷ ಬಿ.ಆರ್ಕ್‌ಗೆ ಅರ್ಜಿ ಹಾಕುವವರು ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ನಾಟಾ ಅಂಕಪತ್ರ, ಕೆಇಎ ಸೀಟು ಹಂಚಿಕೆ ಪತ್ರ, ಜಾತಿ-ಆದಾಯ ಪ್ರಮಾಣಪತ್ರಗಳ ನಕಲು ತರಬೇಕು. ಸರ್ಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೂ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೂ ಅರ್ಜಿ ಹಾಕಿದ್ದರೆ ಅದನ್ನು ಬರೆದು ತಿಳಿಸಿ. ಹಾಕಿದ್ದೀರೆಂದು ನಮ್ಮ ನೆರವು ಕಡಿತವಾಗುವುದಿಲ್ಲ. ಮಗು ಬಿಡಿಸಿದ ನಾಲ್ಕು ಚಿತ್ರಗಳನ್ನೂ ಜೊತೆಗಿಡಿ. ಹತ್ತನೇ ತರಗತಿಯಲ್ಲಿರುವ ಮಕ್ಕಳ ಮನೆಯವರು ಪಿಯುಸಿಗೆ ವಿಷಯ ಆರಿಸುವ ಮೊದಲೇ ಒಮ್ಮೆ ಬಂದು ನಮ್ಮೊಡನೆ ಮಾತಾಡಿ ಹೋಗಿ.