ಜಾಲತಾಣದಲ್ಲಿ ವಾಕ್ ಸ್ವಾತಂತ್ರ್ಯ ಮತ್ತು ನಿಯಂತ್ರಣ
ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ. 19(2) ಸಕಾರಣ ನಿರ್ಬಂಧಕ್ಕೆ ಅವಕಾಶ ನೀಡುತ್ತದೆ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ (24 ಮಾರ್ಚ್ 2015) ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯಲ್ಲಿ ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ 66ಎ ಸೆಕ್ಷನ್ ರದ್ದುಪಡಿಸಿ, ಪೋಸ್ಟ್ ತಡೆಯುವ 69ಎ ಉಳಿಸಿತು.

ಕಾನೂನಷ್ಟೇ ಅಲ್ಲ, ವೇದಿಕೆಗಳೂ ಮಾತಿಗೆ ಮಿತಿ ಹಾಕುತ್ತವೆ. 2022ರ ಜುಲೈನಲ್ಲಿ ಸುಳ್ಯ ತಾಲ್ಲೂಕಿನ ಬೆಳ್ಳಾರೆಯಲ್ಲಿ ಕೊಲೆ ನಡೆದಾಗ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಇಂಥ ಹೊತ್ತಿನಲ್ಲಿ ಅಡಿಕೆ ಧಾರಣೆ ಹಂಚುವ ವಾಟ್ಸ್‌ಆ್ಯಪ್ ಗುಂಪಿಗೂ ವದಂತಿ ನುಗ್ಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಪದೇಪದೇ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂಬ ಮಿತಿ 2020ರ ಏಪ್ರಿಲ್‌ನಿಂದ ಇದೆ. ಮಾತನ್ನು ಅಳಿಸದೆ ಅದರ ವೇಗವನ್ನಷ್ಟೇ ತಗ್ಗಿಸುವ ಈ ಕ್ರಮ ಮೆಚ್ಚತಕ್ಕದ್ದು.

ಸರ್ಕಾರದ ತಡೆಯ ವಿಷಯಕ್ಕೆ ಬಂದರೆ, 69ಎ ಆದೇಶಗಳ ವಿರುದ್ಧದ ಟ್ವಿಟರ್ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 30 ಜೂನ್ 2023ರಂದು ವಜಾ ಮಾಡಿ 50 ಲಕ್ಷ ರೂ. ದಂಡ ವಿಧಿಸಿತು. ಪೋಸ್ಟ್ ತೆಗೆಯುವಂತೆ ಜಾಲತಾಣಗಳಿಗೆ ಸೂಚನೆ ಕಳಿಸುವ ಸರ್ಕಾರದ ‘ಸಹಯೋಗ್’ ಪೋರ್ಟಲ್ ಪ್ರಶ್ನಿಸಿದ ಎಕ್ಸ್ ಕಾರ್ಪ್ (ಹಿಂದಿನ ಟ್ವಿಟರ್) ಅರ್ಜಿಯೂ 24 ಸೆಪ್ಟೆಂಬರ್ 2025ರಂದು ಅಲ್ಲೇ ವಜಾಗೊಂಡಿತು.